ಬೀಗ ಹಾಕಿದ ಮನೆಯೊಳಗೆ ಒಂದು ಪ್ರಶ್ನೆ

ಶ್ರಾವಣದ ಪಂಚಮಿ ಹತ್ತಿರ ಬಂತೆಂದರೆ ಸಿಂಧನೂರು ತಾಲ್ಲೂಕಿನ ಜವಳಗೇರಾದಂಥ ಊರುಗಳಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಬೇರೆಯದೇ ಕಳೆ ಬರುತ್ತದೆ. ಗಂಡನ ಮನೆಯಿಂದ ಅಕ್ಕತಂಗಿಯರನ್ನು ಕರೆತರಲು ಹೋದ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಬಂದು ಇಳಿಯುತ್ತಾರೆ. ಬೇವಿನ ಮರಕ್ಕೆ ಜೋಕಾಲಿ ಬೀಳುತ್ತದೆ. ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ತಂಬಿಟ್ಟು. ಹುತ್ತಕ್ಕೆ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಎಲ್ಲರ ಹೆಸರನ್ನೂ ಹೇಳಲಾಗುತ್ತದೆ. ಹಬ್ಬ ನಾಗಪ್ಪನದು ನಿಜ. ಆದರೆ ಅದರ ಸುಖವೆಲ್ಲ ತವರಿಗೆ ಬಂದ ಹೆಣ್ಣುಮಗಳದು.

ಕರೆಯಲು ಯಾರೂ ಬಾರದ ಹೆಣ್ಣುಮಗಳೊಬ್ಬಳಿದ್ದರೆ? ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದ್ದರೆ? ಅವಳ ಬಳಿಗೆ ಬರುವವನು ಹುತ್ತದೊಳಗಿನ ನಾಗಪ್ಪನೊಬ್ಬನೇ ಆಗಿದ್ದರೆ?

ಇದೇ ‘ನಾಗಮಂಡಲ’ದ ಕಥೆ. ಗಿರೀಶ ಕಾರ್ನಾಡರು ಇದನ್ನು ನಾಟಕವಾಗಿ ಬರೆದದ್ದು 1987–88ರಲ್ಲಿ. ಟಿ.ಎಸ್. ನಾಗಾಭರಣ ಅವರು ಇದನ್ನು ಚಲನಚಿತ್ರ ಮಾಡಿದ್ದು 1997ರಲ್ಲಿ. ಮದುವೆಯೆಂಬ ವ್ಯವಸ್ಥೆಯನ್ನು ಒಳಗಿನಿಂದ ನೋಡಿದ ಕನ್ನಡ ನಾಟಕಗಳಲ್ಲಿ ಇದಕ್ಕೆ ಎತ್ತರದ ಸ್ಥಾನವಿದೆ. ಚಿತ್ರವನ್ನು ಹಾಡುಗಳಿಗಾಗಿ ನೆನೆಯುವವರು ಬಹಳ ಮಂದಿ. ಆದರೆ ಬೆಳೆಯುವ ಮಕ್ಕಳೂ ಅವರ ತಂದೆತಾಯಿಯರೂ ಜೊತೆಗೆ ಕುಳಿತು ಮಾತನಾಡಬೇಕಾದ ಸಂಗತಿಗಳು ಇದರಲ್ಲಿ ಹಾಡುಗಳಿಗಿಂತ ಹೆಚ್ಚಾಗಿವೆ.

ಅಡಿಗೆಮನೆಯಿಂದ ಅಮೆರಿಕಕ್ಕೆ

ಕಾರ್ನಾಡರು ಆಗ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅತಿಥಿಯಾಗಿದ್ದರು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದವರು ಮೈಸೂರಿನ ಎ.ಕೆ. ರಾಮಾನುಜನ್. ಕವಿ, ಭಾಷಾಶಾಸ್ತ್ರಜ್ಞ, ಅದಕ್ಕಿಂತ ಮಿಗಿಲಾಗಿ ಕನ್ನಡದ ಅಜ್ಜಿಕಥೆಗಳನ್ನು ಹಳ್ಳಿಹಳ್ಳಿಯಿಂದ ಕೂಡಿಹಾಕಿದವರು. ಅವರ ಬಾಯಿಂದ ಕೇಳಿದ ಎರಡು ಜನಪದ ಕಥೆಗಳು ಈ ನಾಟಕದ ಬೀಜ. ಸಂಜೆ ಮಕ್ಕಳಿಗೆ ಉಣ್ಣಿಸುವಾಗ, ಮಲಗಿಸುವಾಗ ಮನೆಯ ಹಿರಿಯ ಹೆಂಗಸರು ಹೇಳುವ ಕಥೆಗಳಿವು. ಕೇಳುವವರು ಮಕ್ಕಳೆಂದು ಮೇಲುನೋಟಕ್ಕೆ ಅನ್ನಿಸಿದರೂ, ಅಡಿಗೆಮನೆಯಲ್ಲಿದ್ದ ಸೊಸೆಯಂದಿರೂ ಅವನ್ನು ಕೇಳುತ್ತಿದ್ದರು. ನೇರವಾಗಿ ಆಡಲಾಗದ ಮಾತನ್ನು ಹೆಂಗಸರು ಹೆಂಗಸರಿಗೆ ದಾಟಿಸುತ್ತಿದ್ದ ದಾರಿಯದು ಎಂಬುದನ್ನು ಕಾರ್ನಾಡರು ಗುರುತಿಸಿದ್ದರು.

ಕರಾವಳಿಯಲ್ಲಿ ನಾಗಮಂಡಲವೆಂಬ ಆರಾಧನೆ ಇದೆ. ನೆಲದ ಮೇಲೆ ಬಣ್ಣದ ಪುಡಿಗಳಿಂದ ಸರ್ಪದ ಮಂಡಲ ಬರೆದು ರಾತ್ರಿಯಿಡೀ ಕುಣಿದು ಹಾಡುವ ಸೇವೆ ಅದು. ನಾಟಕದ ಹೆಸರಿಗೂ ಆ ಸೇವೆಯ ಹೆಸರಿಗೂ ಹೋಲಿಕೆ ಇದೆಯೇ ಹೊರತು ಕಥೆ ಅದನ್ನು ಕುರಿತದ್ದಲ್ಲ. ನಾಟಕದ ಇಂಗ್ಲಿಷ್ ರೂಪವನ್ನು 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಗತ್ರೀ ರಂಗಮಂದಿರ ತನ್ನ ಮೂವತ್ತನೆಯ ವರ್ಷದ ಸಂದರ್ಭದಲ್ಲಿ ಆಡಿತು. ಅದೇ ವರ್ಷ ರಾಮಾನುಜನ್ ತೀರಿಕೊಂಡರು. ಕಾರ್ನಾಡರಿಗೆ 1998ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂತು. 2019ರ ಜೂನ್ 10ರಂದು ಅವರೂ ಇಲ್ಲವಾದರು. ಕಥೆ ಮಾತ್ರ ಇಂದಿಗೂ ಕಾಲೇಜಿನ ರಂಗಗಳಲ್ಲಿ, ಹವ್ಯಾಸಿ ತಂಡಗಳಲ್ಲಿ ಜೀವಂತವಾಗಿದೆ.

ರಾಣಿ ಎಂಬ ಹುಡುಗಿ

ತಂದೆತಾಯಿಗೆ ಒಬ್ಬಳೇ ಮಗಳು. ಅದಕ್ಕೇ ರಾಣಿ ಎಂದು ಕರೆದರು. ನೀಳವಾದ ಕೂದಲು. ಚಿಕ್ಕವಳಿರುವಾಗಲೇ ಅನುಕೂಲಸ್ಥ ಹುಡುಗನಿಗೆ ಕೊಟ್ಟು ಮದುವೆ ಮಾಡಿದರು. ಮೈನೆರೆಯುವವರೆಗೆ ತವರಿನಲ್ಲಿದ್ದಳು. ಮೈನೆರೆದ ಕೂಡಲೇ ಗಂಡ ಅಪ್ಪಣ್ಣ ಬಂದು ಕರೆದೊಯ್ದ.

ಅಪ್ಪಣ್ಣನಿಗೆ ಊರಲ್ಲಿ ಬೇರೊಬ್ಬಳ ಸಂಗ. ಹೆಂಡತಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನ ಬಂದು ಸ್ನಾನ ಮಾಡಿ, ಉಂಡು, ಮತ್ತೆ ಬೀಗ ಹಾಕಿಕೊಂಡು ಹೊರಡುತ್ತಾನೆ. ಎರಡು ಮಾತಿಲ್ಲ. ರಾಣಿ ಅವ್ವ ಅಪ್ಪನನ್ನು ನೆನೆದು ಅಳುತ್ತಾಳೆ. ಹದ್ದೊಂದು ಬಂದು ಎತ್ತಿಕೊಂಡು ಹೋದಂತೆ ಕನಸು ಕಾಣುತ್ತಾಳೆ.

ಅಪ್ಪಣ್ಣನ ತಾಯಿಗೆ ಗೆಳತಿಯಾಗಿದ್ದ ಕುರುಡವ್ವ ಎಂಬ ಮುದುಕಿ ಮಗನ ಬೆನ್ನೇರಿ ಬಂದು, ಕಿಟಕಿಯಿಂದಲೇ ರಾಣಿಯನ್ನು ಮಾತನಾಡಿಸುತ್ತಾಳೆ. ಗಂಡನನ್ನು ಒಲಿಸಿಕೊಳ್ಳಲು ಬೇರೊಂದನ್ನು ಕೊಡುತ್ತಾಳೆ. ಚಿಕ್ಕ ತುಂಡು ಅರೆದು ಹಾಕಿದರೆ ಅಪ್ಪಣ್ಣ ತಲೆಸುತ್ತಿ ಬೀಳುತ್ತಾನೆ, ಒಲಿಯುವುದಿಲ್ಲ. ದೊಡ್ಡ ತುಂಡು ಹಾಕಿದ ದಿನ ಸಾರು ರಕ್ತದ ಹಾಗೆ ಕೆಂಪಾಗಿ ಕುದಿಯುತ್ತದೆ. ಗಂಡನಿಗೆ ಏನಾದರೂ ಆದೀತೆಂದು ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದಲ್ಲಿದ್ದ ನಾಗ ಅವಳಿಗೆ ಒಲಿಯುತ್ತದೆ.

ಅಲ್ಲಿಂದ ಎರಡು ಬದುಕು. ರಾತ್ರಿ ಬಚ್ಚಲ ಮೋರಿಯಿಂದ ಒಳಗೆ ಬಂದ ನಾಗ ಅಪ್ಪಣ್ಣನ ರೂಪ ತಾಳಿ ಅಕ್ಕರೆಯಿಂದ ಮಾತನಾಡುತ್ತದೆ. ಹಗಲು ಅದೇ ಮುಖದ ಗಂಡ ಸಿಡುಕುತ್ತಾನೆ. ಇದೇಕೆ ಹೀಗೆ ಎಂದು ಕೇಳಬಾರದೆಂಬ ಕಟ್ಟಪ್ಪಣೆ ರಾಣಿಗಿದೆ. ಕೊನೆಗೆ ಅವಳು ಬಸುರಿ. ತಾನು ಮುಟ್ಟದ ಹೆಂಡತಿ ಬಸುರಿಯಾದದ್ದು ಹೇಗೆಂದು ಅಪ್ಪಣ್ಣ ಪಂಚಾಯ್ತಿ ಸೇರಿಸುತ್ತಾನೆ. ಕಾದ ಕಬ್ಬಿಣ ಹಿಡಿಯುವ ಪದ್ಧತಿಯನ್ನು ಬಿಟ್ಟು ರಾಣಿ ಹುತ್ತಕ್ಕೆ ಕೈಹಾಕಿ ಸರ್ಪವನ್ನೇ ಎತ್ತಿ ಆಣೆ ಮಾಡುತ್ತಾಳೆ: ತನ್ನ ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲ. ಅಕ್ಷರಶಃ ನಿಜ! ನಾಗ ಅವಳ ತಲೆಯ ಮೇಲೆ ಹೆಡೆಯ ಕೊಡೆ ಹಿಡಿಯುತ್ತದೆ. ಊರು ಅವಳನ್ನು ದೇವಿ ಎಂದು ಕರೆದು ಕಾಲಿಗೆ ಬೀಳುತ್ತದೆ, ಅಪ್ಪಣ್ಣನೂ ಬೀಳುತ್ತಾನೆ.

ರಂಗದಿಂದ ತೆರೆಗೆ

ನಾಟಕಕ್ಕೆ ಒಂದು ಚೌಕಟ್ಟಿದೆ. ಪಾಳುಗುಡಿಯಲ್ಲಿ ಒಬ್ಬ ನಾಟಕಕಾರ ಕೂತಿದ್ದಾನೆ. ಅವನ ನಾಟಕ ನೋಡಿ ಜನ ನಿದ್ದೆ ಹೋದ ಪಾಪಕ್ಕೆ, ಒಂದು ರಾತ್ರಿ ಪೂರ್ತಿ ಎಚ್ಚರ ಇರದಿದ್ದರೆ ಸಾಯುವ ಶಾಪ ತಗುಲಿದೆ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಆ ಜ್ಯೋತಿಗಳೆಲ್ಲ ಗುಡಿಗೆ ಬಂದು ಹರಟುತ್ತವೆ. ಮುದುಕಿಯೊಬ್ಬಳ ಬಾಯಿಂದ ತಪ್ಪಿಸಿಕೊಂಡು ಬಂದ ಕಥೆಯೇ ಹೆಣ್ಣಾಗಿ ನಿಂತು ರಾಣಿಯ ಬಾಳನ್ನು ಹೇಳುತ್ತದೆ. ಇವೆಲ್ಲ ರಂಗದ ಮೇಲೆ ಸೊಗಸು. ಅಲ್ಲಿ ಒಬ್ಬ ನಟ ಎರಡು ಹೆಜ್ಜೆ ಬದಲಿಸಿ ನಡೆದರೆ ಹಾವಾಗುತ್ತಾನೆ, ಪ್ರೇಕ್ಷಕ ಒಪ್ಪುತ್ತಾನೆ. ಕ್ಯಾಮರಾದ ಕಣ್ಣಿಗೆ ಹುತ್ತ ಹುತ್ತವೇ ಆಗಬೇಕು, ಬೀಗ ಬೀಗವೇ ಆಗಬೇಕು. ಜನಪದ ಕಥೆಯನ್ನು ಚಿತ್ರ ಮಾಡುವವರ ನಿಜವಾದ ಕಷ್ಟ ಇಲ್ಲಿದೆ.

ನಾಗಾಭರಣ ಈ ಕಷ್ಟಕ್ಕೆ ಹೊಸಬರಲ್ಲ. ಆರ್.ಕೆ. ನಾರಾಯಣರ ಕಾದಂಬರಿಯಿಂದ ‘ಬ್ಯಾಂಕರ್ ಮಾರ್ಗಯ್ಯ’ (1983), ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿಯಿಂದ ‘ಜನುಮದ ಜೋಡಿ’ (1996) ಮಾಡಿದವರು. ‘ಸಂತ ಶಿಶುನಾಳ ಷರೀಫ’ (1990) ಚಿತ್ರದಲ್ಲಿ ಕಾರ್ನಾಡರು ಗೋವಿಂದಭಟ್ಟರ ಪಾತ್ರ ವಹಿಸಿದ್ದರು, ಸಂಗೀತ ಸಿ. ಅಶ್ವತ್ಥ್ ಅವರದು. ‘ನಾಗಮಂಡಲ’ಕ್ಕೂ ಅಶ್ವತ್ಥ್ ಅವರದೇ ಸಂಗೀತ, ಗೋಪಾಲ ಯಾಜ್ಞಿಕರ ಗೀತೆಗಳು. ನಿರ್ಮಾಪಕರು ಶ್ರೀಹರಿ ಖೋಡೆ.

ಚಿತ್ರದ ಮಾತು ಉತ್ತರ ಕರ್ನಾಟಕದ್ದು. ರಾಯಚೂರು, ಕೊಪ್ಪಳ, ಧಾರವಾಡದ ಕಡೆಯವರಿಗೆ ಇದು ಚಿಕ್ಕ ಸಂಗತಿಯಲ್ಲ. ಕನ್ನಡ ಚಿತ್ರಗಳಲ್ಲಿ ಈ ಭಾಗದ ಮಾತು ಬಹಳ ಕಾಲ ನಗಿಸುವ ಪಾತ್ರಗಳಿಗೆ ಮೀಸಲಾಗಿತ್ತು. ಇಲ್ಲಿ ಅದೇ ಮಾತಿನಲ್ಲಿ ಹುಡುಗಿಯೊಬ್ಬಳು ಅಳುತ್ತಾಳೆ, ಪ್ರೀತಿಸುತ್ತಾಳೆ, ಪಂಚಾಯ್ತಿಯ ಮುಂದೆ ನಿಲ್ಲುತ್ತಾಳೆ.

ಅಪ್ಪಣ್ಣ ಮತ್ತು ನಾಗ ಎರಡೂ ಪ್ರಕಾಶ್ ರೈ. ಒಂದೇ ಮುಖದಲ್ಲಿ ಹಗಲಿನ ಒರಟನ್ನೂ ಇರುಳಿನ ಅಕ್ಕರೆಯನ್ನೂ ತೋರಿಸಬೇಕಾದ ಪಾತ್ರ. ಈ ಸಾಮ್ಯ ಬರಿಯ ಚಮತ್ಕಾರವಲ್ಲ. ಪ್ರೀತಿಸಬಲ್ಲ ಗಂಡಸೂ ಬೀಗ ಹಾಕುವ ಗಂಡಸೂ ಒಂದೇ ಮೈಯಲ್ಲಿರಬಹುದು ಎಂಬ ಅರ್ಥ ಅದರಲ್ಲಿದೆ. ರಾಣಿಯಾಗಿ ವಿಜಯಲಕ್ಷ್ಮಿ, ಕುರುಡವ್ವನಾಗಿ ಬಿ. ಜಯಶ್ರೀ, ಜೊತೆಗೆ ಮಂಡ್ಯ ರಮೇಶ್, ವನಿತಾ ವಾಸು. ಒಂಟಿ ಮನೆಯಲ್ಲಿ ಬೇರಾರೂ ಸಿಗದೆ ಕಂಬದ ಗೊಂಬೆಯನ್ನೇ ರಾಣಿ ಮಾತನಾಡಿಸುವ ಹಾಡನ್ನು ಹಾಡಿದವರು ಸಂಗೀತಾ ಕಟ್ಟಿ. ಆ ಹಾಡು ಇಂದಿಗೂ ಶಾಲಾ ವಾರ್ಷಿಕೋತ್ಸವಗಳಲ್ಲಿ ಕೇಳಿಬರುತ್ತದೆ. ಕುಣಿಯುವ ಹುಡುಗಿಯರಿಗೆ ಅದು ಬೀಗದೊಳಗಿನ ಹಾಡೆಂದು ಯಾರಾದರೂ ಹೇಳಿದರೆ ಒಳ್ಳೆಯದು.

ಗಂಡನ ರೂಪದಲ್ಲಿ ಬಂದವರು

ಗಂಡನ ವೇಷದಲ್ಲಿ ಮತ್ತೊಬ್ಬ ಬರುವ ಕಥೆ ಬಹಳ ಹಳೆಯದು. ಗೌತಮನ ರೂಪದಲ್ಲಿ ಇಂದ್ರ ಬಂದ. ಮೋಸ ಮಾಡಿದವನು ಇಂದ್ರನಾದರೂ ವರ್ಷಗಟ್ಟಲೆ ಶಾಪ ಹೊತ್ತು ಬಿದ್ದವಳು ಅಹಲ್ಯೆ. ಗ್ರೀಕರಲ್ಲಿ ಜ್ಯೂಸ್ ದೇವರು ಆಂಫಿಟ್ರಿಯಾನ್ ಎಂಬ ಸೇನಾನಿಯ ರೂಪದಲ್ಲಿ ಅವನ ಹೆಂಡತಿಯ ಬಳಿಗೆ ಬರುತ್ತಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ರೋಮಿನ ಪ್ಲಾಟಸ್ ಇದನ್ನು ನಾಟಕ ಮಾಡಿದ. ರಾಜಸ್ಥಾನದ ವಿಜಯದಾನ್ ದೇಥಾ ಬರೆದ ‘ದುವಿಧಾ’ದಲ್ಲಿ, ವ್ಯಾಪಾರಕ್ಕೆ ದೂರ ಹೋದ ಗಂಡನ ರೂಪದಲ್ಲಿ ಭೂತವೊಂದು ಬರುತ್ತದೆ. 1973ರಲ್ಲಿ ಮಣಿ ಕೌಲ್, 2005ರಲ್ಲಿ ‘ಪಹೇಲಿ’ ಎಂಬ ಹೆಸರಿನಲ್ಲಿ ಅಮೋಲ್ ಪಾಲೇಕರ್ ಅದನ್ನು ಚಿತ್ರ ಮಾಡಿದರು. ನಮ್ಮ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲೂ ಗಂಡನಿಗೆಂದು ಮಾಡಿದ ಪಲ್ಯ ಬೇರೊಬ್ಬನ ಹೊಟ್ಟೆ ಸೇರುತ್ತದೆ.

ಇಷ್ಟು ದೇಶಗಳಲ್ಲಿ ಇದೇ ಕಥೆ ಹುಟ್ಟಿದ್ದೇಕೆ? ಒಂದು ಕಾರಣ ಊಹಿಸುವುದು ಕಷ್ಟವಲ್ಲ. ಹೆಣ್ಣಿನ ಒಪ್ಪಿಗೆ ಕೇಳದೆ ನಡೆದ ಮದುವೆಗಳಲ್ಲಿ ಗಂಡನೇ ಅಪರಿಚಿತ. ಹಗಲು ಕಂಡವನಿಗೂ ಇರುಳು ಬಂದವನಿಗೂ ಹೊಂದಿಕೆಯಾಗದ ಅನುಭವವನ್ನು ಹೆಂಗಸರು ಹಾವೆಂದೋ ದೇವರೆಂದೋ ಭೂತವೆಂದೋ ಕರೆದು ಹೇಳಿಕೊಂಡಿರಬಹುದು.

ಕಥೆಯ ಹಾವು, ಹೊಲದ ಹಾವು

ಕಥೆಯನ್ನು ಕಥೆಯಾಗಿ ಸವಿಯಲು ನಿಜವಾದ ಹಾವನ್ನು ಸರಿಯಾಗಿ ತಿಳಿದಿರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸೀಮೆಯೆಲ್ಲ ಭತ್ತದ ಗದ್ದೆ. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರಹಾವು. ಹುತ್ತ ಕಟ್ಟುವುದು ಗೆದ್ದಲು. ಒಳಗಿನ ತಂಪಿಗೂ ಇಲಿಗೂ ಆಸೆಪಟ್ಟು ಹಾವು ಅಲ್ಲಿ ಸೇರುತ್ತದೆ. ಹಾಲು ಅದರ ಆಹಾರವಲ್ಲ. ಹಾವಾಡಿಗರು ದಿನಗಟ್ಟಲೆ ನೀರಿಲ್ಲದೆ ಇಟ್ಟ ಹಾವು ಬಾಯಾರಿ ಹಾಲಿಗೆ ಬಾಯಿ ಇಡಬಹುದು, ಅದರಿಂದ ಅದಕ್ಕೆ ಕೇಡೇ ಹೆಚ್ಚು. ಹೆಡೆ ಬಿಚ್ಚುವುದು ಆಶೀರ್ವಾದಕ್ಕಲ್ಲ. ಹೆದರಿದಾಗ ಕುತ್ತಿಗೆಯ ಪಕ್ಕೆಲುಬುಗಳನ್ನು ಅಗಲಿಸಿ ಅದು ತನ್ನನ್ನು ದೊಡ್ಡದಾಗಿ ತೋರಿಸಿಕೊಳ್ಳುತ್ತದೆ. ಪುಂಗಿಯ ಮುಂದೆ ಅದು ತೂಗುವುದು ರಾಗಕ್ಕಲ್ಲ, ಪುಂಗಿ ಆಡುವ ಚಲನೆಗೆ.

ಮುಂಗುಸಿಯ ಸಂಗತಿ ಇನ್ನೂ ಸ್ವಾರಸ್ಯದ್ದು. ನಾಗರಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಉಸಿರಾಟದ ಸ್ನಾಯುಗಳು ನಿಂತು ಪ್ರಾಣ ಹೋಗುತ್ತದೆ. ಮುಂಗುಸಿಯ ಸ್ನಾಯುಗಳಲ್ಲಿ ಆ ಸಂದೇಶ ಹಿಡಿಯುವ ಗ್ರಾಹಕಗಳ ರಚನೆಯೇ ಬೇರೆ, ವಿಷ ಅಲ್ಲಿ ಸರಿಯಾಗಿ ಅಂಟಿಕೊಳ್ಳದು. ನಾಟಕದಲ್ಲಿ ಮನೆ ಕಾಯಲು ತಂದ ಮುಂಗುಸಿ ಸಾಯುವುದೇನೋ ಹೌದು, ಆದರೆ ನಾಗನನ್ನೂ ಗಾಯಗೊಳಿಸಿಯೇ ಸಾಯುತ್ತದೆ.

ಆ ಗಾಯದಿಂದಲೇ ರಾಣಿಯ ಬುದ್ಧಿ ಎಚ್ಚರಗೊಳ್ಳುತ್ತದೆ. ರಾತ್ರಿ ಬಂದವನ ಮೈಮೇಲೆ ಗಾಯ. ಹಗಲು ಬಂದವನ ಮೈಮೇಲೆ ಕಲೆಯೂ ಇಲ್ಲ. ಮುಟ್ಟಿದರೆ ರಕ್ತ ತಣ್ಣಗೆ. ಕನ್ನಡಿಯಲ್ಲಿ ಕಂಡದ್ದು ಸರ್ಪ. ಸರೀಸೃಪಗಳ ರಕ್ತ ಯಾವಾಗಲೂ ತಣ್ಣಗಿರುವುದಿಲ್ಲ, ಸುತ್ತಲಿನ ಉಷ್ಣತೆಯೊಂದಿಗೆ ಏರಿಳಿಯುತ್ತದೆ ಎಂಬ ಪಾಠ ಅವಳಿಗೆ ಗೊತ್ತಿಲ್ಲ. ಆದರೂ ಅವಳು ಮಾಡುತ್ತಿರುವುದು ವಿಜ್ಞಾನದ ಕೆಲಸವೇ: ನೋಡುವುದು, ಹೋಲಿಸುವುದು, ಹೊಂದದ್ದನ್ನು ಗುರುತಿಸುವುದು. ಪ್ರಯೋಗಾಲಯದಲ್ಲಿ ಇಷ್ಟು ಮಾಡಿದ ವಿದ್ಯಾರ್ಥಿನಿಗೆ ಶಾಭಾಸ್ ಎನ್ನುತ್ತಾರೆ. ರಾಣಿಗೆ ಸಿಕ್ಕಿದ್ದು ಸುಮ್ಮನಿರು ಎಂಬ ಮಾತು. ಅದನ್ನು ಆಡಿದವನು ಕೆಟ್ಟ ಗಂಡನೊಬ್ಬನೇ ಅಲ್ಲ, ಪ್ರೀತಿಸುವ ನಾಗನೂ ಹೌದು.

ಘಟಸರ್ಪ ಸತ್ಯ ಹೇಳುವುದೇ?

ಹಳೆಯ ಕಾಲದ ನ್ಯಾಯದಲ್ಲಿ ದಿವ್ಯ ಎಂಬ ಪರೀಕ್ಷೆಗಳಿದ್ದವು. ಕಾದ ಕಬ್ಬಿಣ, ಕುದಿವ ಎಣ್ಣೆ, ನೀರು, ವಿಷ. ಸರ್ಪವಿಟ್ಟ ಗಡಿಗೆಗೆ ಕೈಹಾಕುವ ‘ಘಟಸರ್ಪ’ ಎಂಬ ಮಾತು ಇಂದಿಗೂ ಕನ್ನಡದಲ್ಲಿ ಉಳಿದಿದೆ. ಕೈ ಸುಡದಿದ್ದರೆ, ಹಾವು ಕಚ್ಚದಿದ್ದರೆ ಅವರು ನಿರ್ದೋಷಿ.

ಆದರೆ ಕಬ್ಬಿಣದ ಕಾವು ಸತ್ಯವಂತರ ಚರ್ಮವನ್ನು ಬೇರೆಯಾಗಿ ಕಾಣುವುದಿಲ್ಲ. ಹಾವು ಕಚ್ಚುವುದೂ ಬಿಡುವುದೂ ಅದು ಎಷ್ಟು ಹೆದರಿದೆ, ಎಲ್ಲಿ ಹಿಡಿದಿರಿ ಎಂಬುದರ ಮೇಲೆ ಹೋಗುತ್ತದೆ. ಕಚ್ಚಿದರೂ ಹಲವು ಬಾರಿ ವಿಷ ಬಿಡದ ಒಣಕಡಿತವಾಗಬಹುದು. ಸುಳ್ಳುಗಾರ ಉಳಿಯಬಹುದು, ನಿಜ ಹೇಳಿದವಳು ಸಾಯಬಹುದು. ಅಂಥ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಕಾರ್ನಾಡರ ಜಾಣತನ ಇರುವುದೂ ಇಲ್ಲಿಯೇ. ನಾಟಕದಲ್ಲಿ ಪರೀಕ್ಷೆ ರಾಣಿಯನ್ನು ಗೆಲ್ಲಿಸುತ್ತದೆ. ಆದರೆ ಗೆದ್ದದ್ದು ಆ ಹಾವಿಗೂ ಅವಳಿಗೂ ಮೊದಲೇ ಇದ್ದ ನಂಟಿನಿಂದ. ಊರ ಹಿರಿಯರಿಗೆ ಕೊನೆಯವರೆಗೂ ನಿಜ ಗೊತ್ತಾಗುವುದೇ ಇಲ್ಲ.

ಪರೀಕ್ಷೆ ಯಾರಿಗೆ ಎಂಬುದನ್ನೂ ನೋಡಬೇಕು. ಬೇರೆ ಹೆಣ್ಣಿನ ಮನೆಯಲ್ಲಿ ಇರುಳು ಕಳೆಯುವ ಅಪ್ಪಣ್ಣ ಹುತ್ತದ ಹತ್ತಿರವೂ ಸುಳಿಯಬೇಕಾಗಿಲ್ಲ. ಸೀತೆ ಬೆಂಕಿಗೆ ಇಳಿದ ಕಾಲದಿಂದ ಪ್ರಶ್ನೆ ಒಂದು ಕಡೆಗೆ ಮಾತ್ರ ತಿರುಗಿದೆ.

ಇಲ್ಲೊಂದು ಎಚ್ಚರಿಕೆ. ಭಾರತದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಬೇರು, ಮಂತ್ರ, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇರಿಸಿ ಕೂಡಲೇ ಆಸ್ಪತ್ರೆಗೆ ಒಯ್ದರೆ ಪ್ರತಿವಿಷದಿಂದ ಪ್ರಾಣ ಉಳಿಯುತ್ತದೆ. ಕುರುಡವ್ವನ ಬೇರು ಕಥೆಯಲ್ಲಿಯೇ ಇರಲಿ.

ರಾಣಿಗೆ ಎಷ್ಟು ವಯಸ್ಸು?

ನಾಟಕ ಅವಳ ವಯಸ್ಸು ಹೇಳುವುದಿಲ್ಲ. ಮೈನೆರೆದ ಕೂಡಲೇ ಕರೆದೊಯ್ದರು ಎಂಬ ಒಂದು ಮಾತು ಸಾಕು. ಇಂದಿನ ಲೆಕ್ಕದಲ್ಲಿ ಅವಳು ಏಳನೆಯ, ಎಂಟನೆಯ ತರಗತಿಯ ಹುಡುಗಿ. ಮೈನೆರೆಯುವುದೆಂದರೆ ದೇಹ ಸಿದ್ಧವಾಯಿತೆಂದಲ್ಲ, ಸಿದ್ಧತೆ ಶುರುವಾಯಿತೆಂದು ಅರ್ಥ. ಅದಾದ ಮೇಲೂ ಕೆಲವು ವರ್ಷ ಸೊಂಟದ ಎಲುಬು ಬೆಳೆಯುತ್ತಿರುತ್ತದೆ. ಆ ವಯಸ್ಸಿನ ಬಸಿರಿನಲ್ಲಿ ರಕ್ತಹೀನತೆ, ಕಷ್ಟದ ಹೆರಿಗೆ, ತೂಕ ಕಡಿಮೆಯ ಮಗು ಇವುಗಳ ಅಪಾಯ ಹೆಚ್ಚು. ಅವಳ ಮನಸ್ಸಿನ ಮಾತಂತೂ ಬೇರೆಯೇ. ರಾತ್ರಿ ನಾಗನ ಹತ್ತಿರ ರಾಣಿ ಮೊದಲು ಆಡುವ ಮಾತೆಲ್ಲ ಅವ್ವ ಅಪ್ಪನದೇ.

1929ರ ಶಾರದಾ ಕಾಯಿದೆ ಹೆಣ್ಣಿಗೆ 14 ವರ್ಷ ಎಂದಿತು. 1978ರ ತಿದ್ದುಪಡಿ ಹೆಣ್ಣಿಗೆ 18, ಗಂಡಿಗೆ 21 ಎಂದಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂತು. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಸೇರಿಸಿತು. ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕುವುದು ಕಥೆಯಲ್ಲಿ ಅಪ್ಪಣ್ಣನ ಸ್ವಭಾವ. ಇಂದು ಕಾನೂನಿನ ಕಣ್ಣಿಗೆ ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯೂ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ, ಶಾಲೆಯ ಗೆಳತಿಯೂ ಕೂಡ, ಕರೆ ಮಾಡಬಹುದು.

ಇಷ್ಟಿದ್ದೂ ಬೇಗ ಮದುವೆ ಮಾಡುವ ತಂದೆತಾಯಿ ಕೆಟ್ಟವರೆಂದು ಹೇಳಿ ಮುಗಿಸಲಾಗದು. ರಾಣಿಯ ತಂದೆತಾಯಿಯೂ ಅವಳನ್ನು ಮುದ್ದಿನಿಂದಲೇ ಸಾಕಿದ್ದರು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಯಲ್ಲಿ ಬೆಳೆದ ಮಗಳನ್ನು ಯಾರ ಹತ್ತಿರ ಬಿಡುವುದೆಂಬ ಭಯ ನಿಜವಾದದ್ದು. ಆದರೆ ಭಯಕ್ಕೆ ಮದುವೆ ಉತ್ತರವಾದಾಗ, ಹುಡುಗಿ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತಾಳೆ, ಬೀಗ ಬದಲಾಗುತ್ತದೆ ಅಷ್ಟೆ. ವಿದ್ಯಾರ್ಥಿನಿಲಯ, ಪಿ.ಯು. ತರಗತಿ, ನಾಲ್ಕು ವರ್ಷದ ತಡ – ಇವೂ ಉತ್ತರಗಳೇ.

ಕೊನೆಯಾಗದ ಕಥೆ

ದೇವಿಯಾದ ಮೇಲೆ ರಾಣಿಗೆ ಗಂಡ ಸಿಕ್ಕ, ಮಗ ಹುಟ್ಟಿದ, ಊರು ಕೈಮುಗಿಯಿತು. ಅಲ್ಲಿಗೆ ಸುಖಾಂತ್ಯವೆಂದು ಏಳುವವರನ್ನು ಕಾರ್ನಾಡರು ಕೂರಿಸುತ್ತಾರೆ. ನಾಟಕದ ಒಂದು ಮುಕ್ತಾಯದಲ್ಲಿ ನಾಗ ಅವಳ ನೀಳಕೂದಲಿನಲ್ಲಿ ಸಿಕ್ಕಿ ಸಾಯುತ್ತದೆ. ಮಗನ ಕೈಯಿಂದಲೇ ಅದರ ಸಂಸ್ಕಾರ ಆಗಲಿ ಎಂದು ರಾಣಿ ಕೇಳುತ್ತಾಳೆ. ಜ್ಯೋತಿಗಳಿಗೆ ಅದು ಒಪ್ಪಿಗೆಯಾಗುವುದಿಲ್ಲ. ಇನ್ನೊಂದು ಮುಕ್ತಾಯದಲ್ಲಿ ನಾಗ ಬದುಕಿ, ಅವಳ ಜಡೆಯೊಳಗೇ ಉಳಿಯುತ್ತದೆ. ಅಂದರೆ ರಾಣಿಗೆ ಎಲ್ಲವೂ ಗೊತ್ತಿದೆ. ಹೇಳುವಂತಿಲ್ಲ.

ದೇವಿಯಾಗುವುದಕ್ಕೂ ಮನುಷ್ಯಳಾಗುವುದಕ್ಕೂ ವ್ಯತ್ಯಾಸವಿದೆ. ಊರು ರಾಣಿಯ ಕಾಲಿಗೆ ಬಿತ್ತು, ಆದರೆ ನಿನಗೆ ಏನು ಬೇಕಮ್ಮ ಎಂದು ಅಂದೂ ಯಾರೂ ಕೇಳಲಿಲ್ಲ. ಅವಳು ಕೇಳಬೇಕೆಂದಿದ್ದ ಪ್ರಶ್ನೆಯೂ ಹಾಗೇ ಉಳಿಯಿತು: ಹಗಲು ಹೀಗೆ, ಇರುಳು ಹಾಗೆ, ಯಾಕೆ?

ಈ ಚಿತ್ರವನ್ನು ಮನೆಯಲ್ಲಿ ದೊಡ್ಡ ತರಗತಿಯ ಮಕ್ಕಳೊಂದಿಗೆ ಕುಳಿತು ನೋಡಲು ತಂದೆತಾಯಿಗೆ ಸಂಕೋಚವಾಗಬಹುದು. ಆ ಸಂಕೋಚ ಒಂದು ಸಂಜೆಯದು. ಚಿತ್ರ ಮುಗಿದ ಮೇಲೆ ಮಗಳು ಏನಾದರೂ ಕೇಳಿದರೆ ಟಿ.ವಿ. ಆರಿಸಿ ಎದ್ದು ಹೋಗಬಾರದು. ಕೇಳಿದ್ದು ಮಗನಾದರಂತೂ ಇನ್ನೂ ನಿಧಾನವಾಗಿ ಕೂತು ಉತ್ತರಿಸಬೇಕು, ಮುಂದೆ ಬೀಗದ ಕೈ ಇರುವುದು ಅವನ ಕೈಯಲ್ಲಿ. ಮುಂದಿನ ಪಂಚಮಿಗೆ ಯಾವ ಮನೆಯ ಹುಡುಗಿ ಜೋಕಾಲಿಯ ಮೇಲಿರುತ್ತಾಳೆ, ಯಾವ ಮನೆಯ ಹುಡುಗಿ ಕಿಟಕಿಯಲ್ಲಿ ದಾರಿ ನೋಡುತ್ತಿರುತ್ತಾಳೆ ಎಂಬುದು ಇಂಥ ಸಂಜೆಗಳಲ್ಲಿಯೇ ನಿಶ್ಚಯವಾಗುತ್ತದೆ.